ಎಸಿ1200 ಎಂದರೆ 1200 ಅಲ್ಲ: ಒಂದೇ ಥರ ಕಾಣುವ ರೌಟರುಗಳಲ್ಲಿ ಯಾವುದನ್ನು ಕೊಳ್ಳುವುದು?

ಸಾಗರದಲ್ಲಿರುವ ನಮ್ಮ ಅತ್ತೆ ಒಂದು ದಿನ ವಾಟ್ಸಾಪ್‌ನಲ್ಲಿ ಎರಡು ಫೋಟೋ ಕಳಿಸಿದ್ದರು. ಎರಡೂ ವೈ-ಫೈ ರೌಟರಿನ ಡಬ್ಬಿಗಳು. ಎರಡರ ಮೇಲೂ 'ಎಸಿ1200' ಎಂದು ದಪ್ಪಕ್ಷರ, ಎರಡಕ್ಕೂ ನಾಲ್ಕು ಆಂಟೆನಾ, ಎರಡೂ ಕಪ್ಪು ಬಣ್ಣ. ಬೆಲೆಯಲ್ಲಿ ಮಾತ್ರ ಏಳೆಂಟುನೂರು ರೂಪಾಯಿ ವ್ಯತ್ಯಾಸ. "ಎರಡೂ ಒಂದೇ ಅಲ್ವಾ? ಕಡಿಮೆದೇ ತಗೊಳ್ಲಾ?" ಎಂಬುದು ಅವರ ಪ್ರಶ್ನೆ. ಅಷ್ಟರಲ್ಲಿ ಅಂಗಡಿಯವರು ಆರು ಆಂಟೆನಾ ಇರುವ, ಮೂರು ಪಟ್ಟು ಬೆಲೆಯ ಇನ್ನೊಂದನ್ನು ತೋರಿಸಿ "ಇದಾದರೆ ತೋಟದ ತನಕ ಸಿಗ್ನಲ್ ಬರುತ್ತೆ" ಎಂದೂ ಹೇಳಿದ್ದರಂತೆ.

ಅತ್ತೆಯ ಮಟ್ಟಿಗೆ ಇದು ಶೋಕಿಯ ವಿಷಯವಲ್ಲ. ಅವರು ಬೆಳಗಿನ ಜಾವ ಅಮೆರಿಕದಲ್ಲಿರುವ, ಸಂಜೆ ದುಬೈಯಲ್ಲಿರುವ ಕನ್ನಡದ ಮಕ್ಕಳಿಗೆ ವೀಡಿಯೋ ಕರೆಯಲ್ಲಿ ಸಂಗೀತ ಹೇಳಿಕೊಡುತ್ತಾರೆ. ಮನೆಯ ಖರ್ಚಿನ ಒಂದು ಭಾಗ ಅದರಿಂದಲೇ ನಡೆಯುತ್ತದೆ. ಬೆಳಗಿನ ಪಾಠ ಹೇಗೋ ಸಾಗುತ್ತಿತ್ತು. ಸಂಜೆಯ ಪಾಠದಲ್ಲಿ ಮಾತ್ರ ಸ್ವರ ತುಂಡುತುಂಡಾಗಿ, ತಾಳ ಎಲ್ಲೋ ಹೋಗಿ, ಎರಡು ಮಕ್ಕಳು ಆಗಲೇ ಪಾಠ ಬಿಟ್ಟಿದ್ದರು. ಸ್ಪೀಡ್ ಟೆಸ್ಟ್ ಮಾಡಿದರೆ ಜಗಲಿಯಲ್ಲಿ ಭರ್ತಿ ವೇಗ! ಹಾಗಿದ್ದರೆ ತಪ್ಪು ಯಾರದು?

ಉತ್ತರ ಹುಡುಕುವ ಮುನ್ನ ಡಬ್ಬಿಯ ಮೇಲಿನ ಸಂಖ್ಯೆಯ ಒಗಟನ್ನು ಬಿಡಿಸಿಕೊಳ್ಳೋಣ.

1200 ಎಲ್ಲಿಂದ ಬಂತು?

ಇಂದಿನ ಬಹುತೇಕ ರೌಟರುಗಳು 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಪಟ್ಟಿಗಳಲ್ಲಿ ಮಾತಾಡುತ್ತವೆ. ಎಸಿ1200 ವರ್ಗದ ರೌಟರಿನಲ್ಲಿ ಮೊದಲನೆಯದರ ಗರಿಷ್ಠ ಲೆಕ್ಕ ಸೆಕೆಂಡಿಗೆ 300 ಮೆಗಾಬಿಟ್, ಎರಡನೆಯದರದು 867. ಎರಡನ್ನೂ ಕೂಡಿದರೆ 1167. ತಯಾರಕರು ಅದನ್ನು ಮೇಲಕ್ಕೆ ಸರಿದೂಗಿಸಿ 1200 ಎಂದು ಬರೆದಿದ್ದಾರೆ, ಅಷ್ಟೇ. ಇದು ಮನೆಯ ಎರಡು ನಲ್ಲಿಗಳ ನೀರನ್ನು ಕೂಡಿ ಹೇಳಿದ ಹಾಗೆ. ನಿಮ್ಮ ಫೋನು ಒಂದು ಹೊತ್ತಿಗೆ ಒಂದೇ ನಲ್ಲಿಯ ಕೆಳಗೆ ಕೊಡ ಇಡಬಲ್ಲದು.

867 ಕೂಡ ಪೂರ್ತಿ ಕೈಗೆ ಸಿಗುವುದಿಲ್ಲ. ಅದು ಫೋನು ಮತ್ತು ರೌಟರಿನ ನಡುವಿನ ಸಂಪರ್ಕದ ಲೆಕ್ಕ. ವೈ-ಫೈಯಲ್ಲಿ ಒಂದು ಚಾನೆಲಿನ ಮೇಲೆ ಒಮ್ಮೆಗೆ ಒಬ್ಬರೇ ಮಾತಾಡಬೇಕು, ಕೇಳಿಸಿಕೊಂಡವರು "ತಲುಪಿತು" ಎಂದು ಉತ್ತರಿಸಬೇಕು, ಮುಂದಿನವರು ಸ್ವಲ್ಪ ಕಾಯಬೇಕು. ಈ ಶಿಷ್ಟಾಚಾರಕ್ಕೇ ಸಾಕಷ್ಟು ಸಮಯ ಹೋಗುತ್ತದೆ. ರೌಟರಿನ ಎದುರಲ್ಲೇ ಕೂತರೂ ಸಿಗುವುದು ಲೆಕ್ಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು.

ಹಾಗೆಂದು ಈ ಸಂಖ್ಯೆ ನಿರುಪಯೋಗಿಯೇನಲ್ಲ, ಒಡೆದು ನೋಡಿದರೆ ಒಳ್ಳೆಯ ಮಾಹಿತಿ ಕೊಡುತ್ತದೆ. ಎಎಕ್ಸ್1500 ಎಂದರೆ 300 ಮತ್ತು 1201. ಎಎಕ್ಸ್1800 ಎಂದರೆ 574 ಮತ್ತು 1201. ಎರಡೂ ಡಬ್ಬಿಯ ಮೇಲೆ 'ವೈ-ಫೈ 6' ಎಂದೇ ಇರುತ್ತದೆ. ಆದರೆ 300 ಎಂದಿದ್ದರೆ ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ಬದಿಯಲ್ಲಿ ಇನ್ನೂ 2009ರ ವೈ-ಫೈ 4 ತಂತ್ರವೇ ಕೂತಿದೆ ಎಂದರ್ಥ. 574 ಇದ್ದರೆ ಎರಡೂ ಬದಿಯಲ್ಲಿ ಹೊಸದು.

(ಅಂದ ಹಾಗೆ, ವೈ-ಫೈ ಎಂಬುದು 'ವೈರ್‌ಲೆಸ್ ಫಿಡೆಲಿಟಿ'ಯ ಹ್ರಸ್ವರೂಪ ಎಂದು ಎಷ್ಟೋ ಕ್ವಿಜ್‌ಗಳಲ್ಲಿ ಕೇಳಿದ್ದೇವೆ. ಅದೂ ಸುಳ್ಳೇ. 1999ರಲ್ಲಿ ಇಂಟರ್‌ಬ್ರಾಂಡ್ ಎಂಬ ಹೆಸರಿಡುವ ಸಂಸ್ಥೆ ಬಾಯಿಗೆ ಸುಲಭವಾಗಲೆಂದು ಕೊಟ್ಟ ಹೆಸರು ಅದು.)

ಮುಖ ನೋಡಬೇಡಿ, ಬೆನ್ನು ನೋಡಿ

ಹಾಗಾದರೆ ಒಂದೇ ಸಂಖ್ಯೆಯ ಎರಡು ಡಬ್ಬಿಗಳ ನಡುವೆ ಏಳೆಂಟುನೂರು ರೂಪಾಯಿ ವ್ಯತ್ಯಾಸ ಏಕೆ? ಹೆಚ್ಚಿನ ಸಲ ಉತ್ತರ ರೌಟರಿನ ಹಿಂಬದಿಯ ತಂತಿ ಪೋರ್ಟುಗಳಲ್ಲಿರುತ್ತದೆ. ಟಿಪಿ-ಲಿಂಕ್ ಸಂಸ್ಥೆಯ ಆರ್ಚರ್ ಸಿ50 ಮತ್ತು ಆರ್ಚರ್ ಸಿ6 ಇದಕ್ಕೆ ಒಳ್ಳೆಯ ಉದಾಹರಣೆ. ಎರಡೂ ಎಸಿ1200. ಆದರೆ ಸಿ50ರ ಪೋರ್ಟುಗಳು 10/100, ಅಂದರೆ ತಂತಿಯ ಮೂಲಕ ಸೆಕೆಂಡಿಗೆ 100 ಮೆಗಾಬಿಟ್ ಮಾತ್ರ. ಸಿ6ರವು ಗಿಗಾಬಿಟ್, ಅಂದರೆ 1000.

ಇಂಟರ್ನೆಟ್ ಮನೆಯೊಳಗೆ ಬರುವುದು ಆ ಪೋರ್ಟಿನ ಮೂಲಕವೇ. ಗಾಳಿಯಲ್ಲಿ 867 ಎಂದು ಬೀಗುವ ರೌಟರಿನ ಬಾಗಿಲು 100ರದ್ದಾದರೆ ಮನೆಗೆ ಬರುವುದೂ ಅಷ್ಟೇ. ತಮಾಷೆಯೆಂದರೆ ಡಬ್ಬಿಯ ಮುಂಬದಿಯಲ್ಲಿ ಇದನ್ನು ಯಾರೂ ಬರೆಯುವುದಿಲ್ಲ. ಗಿಗಾಬಿಟ್ ಇದ್ದರೆ ದೊಡ್ಡದಾಗಿ ಬರೆಯುತ್ತಾರೆ. ಇಲ್ಲದಿದ್ದರೆ ಬದಿಯಲ್ಲಿ ಸಣ್ಣಕ್ಷರದಲ್ಲಿ '10/100' ಎಂದಿರುತ್ತದೆ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ 200ರ ಪ್ಲಾನ್ ಹಾಕಿಸಿಕೊಂಡು, ಕಡಿಮೆ ಬೆಲೆಯ ರೌಟರ್ ತಂದು, ಎಂಟು ತಿಂಗಳು ಪ್ರತಿ ಟೆಸ್ಟಿನಲ್ಲೂ 94 ನೋಡಿ, ಇಂಟರ್ನೆಟ್ ಕಂಪನಿಯವರ ಜೊತೆ ಮೂರು ಸಲ ಜಗಳ ಆಡಿದ್ದೇನೆ. ಆ 94 ಒಂದು ಸುಳಿವು ಎಂದು ಆಗ ಗೊತ್ತಿರಲಿಲ್ಲ. 100ರ ಪೋರ್ಟಿನಲ್ಲಿ ದತ್ತಾಂಶದ ಪೊಟ್ಟಣ ಕಟ್ಟುವ ಖರ್ಚು ಕಳೆದರೆ ಉಳಿಯುವುದು ಸುಮಾರು 94. ನಿಮ್ಮ ಪ್ಲಾನ್ 150ಕ್ಕಿಂತ ಹೆಚ್ಚಿದ್ದು ಟೆಸ್ಟಿನ ಮುಳ್ಳು ಸದಾ 92ರಿಂದ 95ರ ನಡುವೆ ನಿಲ್ಲುತ್ತಿದ್ದರೆ ಗಾಳಿಯ ಕಡೆ ನೋಡಬೇಡಿ, ತಂತಿಯ ಕಡೆ ನೋಡಿ. ಪೋರ್ಟು ಗಿಗಾಬಿಟ್ ಇದ್ದೂ ಹೀಗಾದರೆ ಕೇಬಲ್ ತಪ್ಪಿರಬಹುದು. ಗಿಗಾಬಿಟ್‌ಗೆ ಕೇಬಲಿನೊಳಗಿನ ಎಂಟೂ ಎಳೆ ಬೇಕು. ಒಂದು ತುಂಡಾದರೂ ಎರಡೂ ಕಡೆಯವು ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತವೆ.

ಹಾಗಾದರೆ 100ರೊಳಗಿನ ಪ್ಲಾನ್ ಇರುವವರು? ಸತ್ಯ ಹೇಳಬೇಕೆಂದರೆ ಅವರಿಗೆ ಇಂದು ವ್ಯತ್ಯಾಸ ಕಾಣುವುದಿಲ್ಲ. ಪೂರ್ಣ ಎಚ್‌ಡಿ ವೀಡಿಯೋಗೆ ನೆಟ್‌ಫ್ಲಿಕ್ಸ್ ಕೇಳುವುದು 5 ಮೆಗಾಬಿಟ್, 4ಕೆಗೆ 15. ಆದರೆ ಒಮ್ಮೆ ತಂದ ರೌಟರನ್ನು ನಾವು ಐದಾರು ವರ್ಷ ಬದಲಿಸುವುದಿಲ್ಲ, ಪ್ಲಾನನ್ನು ಬದಲಿಸುತ್ತೇವೆ. ಏಳೆಂಟುನೂರು ರೂಪಾಯಿಯನ್ನು ನಾನು ಯಾವುದಕ್ಕಾದರೂ ಹೆಚ್ಚು ಕೊಡುವುದಾದರೆ ಈ ಪೋರ್ಟಿಗೇ ಕೊಡುತ್ತೇನೆ. ಆಂಟೆನಾಗಳಿಗಂತೂ ಅಲ್ಲ.

ಆಂಟೆನಾ ಹೆಚ್ಚಾದರೆ ಸಿಗ್ನಲ್ ದೂರ ಹೋಗುತ್ತದೆಯೇ?

ಇದು ರೌಟರ್ ಲೋಕದ ಅತಿ ಜನಪ್ರಿಯ ನಂಬಿಕೆ. ಅದು ಹುಟ್ಟುವುದಕ್ಕೆ ಕಾರಣವೂ ಇದೆ: ಆಂಟೆನಾ ಕಣ್ಣಿಗೆ ಕಾಣುತ್ತದೆ, ಒಳಗಿನ ಚಿಪ್ ಕಾಣುವುದಿಲ್ಲ.

ರೌಟರ್ ಎಷ್ಟು ಜೋರಾಗಿ ಪ್ರಸಾರ ಮಾಡಬಹುದು ಎಂಬುದಕ್ಕೆ ಕಾನೂನಿನ ಮಿತಿ ಇದೆ. ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿ 2005ರಲ್ಲೇ ಪರವಾನಗಿಯಿಂದ ಮುಕ್ತವಾಯಿತು, 5 ಗಿಗಾಹರ್ಟ್ಸ್‌ನ 605 ಮೆಗಾಹರ್ಟ್ಸ್ ವ್ಯಾಪ್ತಿ 2018ರ ಅಕ್ಟೋಬರಿನಲ್ಲಿ. ಯಾರ ಅನುಮತಿಯೂ ಇಲ್ಲದೆ ನಾವೆಲ್ಲ ಬಳಸಬಹುದು, ಆದರೆ ಶಕ್ತಿ ನಿಗದಿಯ ಒಳಗಿರಬೇಕು. ಆಂಟೆನಾ ನಾಲ್ಕಿರಲಿ, ಎಂಟಿರಲಿ, ಮಿತಿ ಒಂದೇ.

ಹೆಚ್ಚುವರಿ ಆಂಟೆನಾಗಳ ನಿಜವಾದ ಕೆಲಸ ಬೇರೆ. ಒಂದೇ ಹೊತ್ತಿಗೆ ಹಲವು ದತ್ತಾಂಶದ ಧಾರೆಗಳನ್ನು ಕಳಿಸುವುದಕ್ಕೆ ಅವು ಬೇಕು. ಆದರೆ ಧಾರೆಗಳ ಸಂಖ್ಯೆಯನ್ನು ನಿರ್ಧರಿಸುವುದು ಇಬ್ಬರಲ್ಲಿ ಬಡವ! ಒಳ್ಳೆಯ ಫೋನುಗಳಲ್ಲೂ ಎರಡು ಧಾರೆ, ಅಗ್ಗದವುಗಳಲ್ಲಿ ಒಂದೇ. ಎಸಿ1200 ರೌಟರಿನಲ್ಲಿ ಆಂಟೆನಾ ನಾಲ್ಕಿದ್ದರೂ ಸಾಮಾನ್ಯವಾಗಿ ಎರಡು 2.4ಕ್ಕೆ, ಎರಡು 5ಕ್ಕೆ ಹಂಚಿಹೋಗಿರುತ್ತವೆ.

ಇನ್ನೊಂದು ಮಾತು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ವೈ-ಫೈ ರೇಡಿಯೋ ಕೇಂದ್ರವಲ್ಲ, ಅದು ಸಂಭಾಷಣೆ. ರೌಟರ್ ತೋಟದ ತನಕ ಕೂಗಿದರೂ ತೋಟದಲ್ಲಿರುವ ಫೋನಿನ ಸಣ್ಣ ದನಿ ರೌಟರಿಗೆ ಕೇಳಿಸಬೇಕಲ್ಲ? ಫೋನಿನಲ್ಲಿ ಸಿಗ್ನಲಿನ ಎಲ್ಲ ಗೀಟು ತುಂಬಿದ್ದೂ ಪುಟ ತೆರೆಯದಿರುವುದನ್ನು ನೀವು ಕಂಡಿರಬಹುದು. ಅದಕ್ಕೆ ಇದೂ ಒಂದು ಕಾರಣ.

ಜಂಬಿಟ್ಟಿಗೆಯ ಮುಂದೆ ನಡೆಯದ ಆಟ

ಈಗ ಅತ್ತೆಯ ಮನೆಗೆ ಬರೋಣ. ಫೈಬರ್ ತಂತಿ ಬಂದು ಮುಟ್ಟುವುದು ಜಗಲಿಯ ಕಿಟಕಿಯ ಹತ್ತಿರ. ಕಂಪನಿಯವರು ಕೊಟ್ಟ ಬಿಳಿ ಡಬ್ಬಿ ಅಲ್ಲೇ ಮೊಳೆಗೆ ನೇತಾಡುತ್ತಿದೆ. ಅದರಲ್ಲೇ ವೈ-ಫೈ ಕೂಡ ಇದೆ, 2.4 ಮಾತ್ರ. ಪಾಠ ನಡೆಯುವುದು ಒಳಕೋಣೆಯಲ್ಲಿ. ನಡುವೆ ಎರಡು ಜಂಬಿಟ್ಟಿಗೆ ಗೋಡೆ, ಮುಕ್ಕಾಲು ಅಡಿಗಿಂತ ದಪ್ಪ, ಒಂದಕ್ಕೆ ಆನಿಸಿದ ಕಬ್ಬಿಣದ ಬೀರು. ಮಾವ ಫೋನ್ ಹಿಡಿದು ಕೂರುವುದು ಇನ್ನೂ ಆಚೆ, ಹಿತ್ತಲ ಕಟ್ಟೆಯ ಮೇಲೆ.

ರೇಡಿಯೋ ಅಲೆಗೆ ಮರದ ಬಾಗಿಲು, ಪ್ಲೈವುಡ್ ದೊಡ್ಡ ತೊಡಕಲ್ಲ. ಇಟ್ಟಿಗೆ ಸ್ವಲ್ಪ ನುಂಗುತ್ತದೆ. ಜಂಬಿಟ್ಟಿಗೆ, ಕಲ್ಲು, ಸರಳು ಹಾಕಿದ ಕಾಂಕ್ರೀಟು ಬಹಳ ನುಂಗುತ್ತವೆ. ದಪ್ಪ ಗೋಡೆಯೊಂದನ್ನು ದಾಟುವಾಗ ಶಕ್ತಿ ಹತ್ತರಲ್ಲೊಂದು ಪಾಲಿಗೆ ಇಳಿಯುವುದು ಸಾಮಾನ್ಯ. ಎರಡು ಗೋಡೆ ದಾಟಿದರೆ ನೂರರಲ್ಲೊಂದು. ಲೋಹದ ಬೀರು, ಫ್ರಿಜ್, ಬೆನ್ನಿಗೆ ಲೋಹದ ಲೇಪವಿರುವ ದೊಡ್ಡ ಕನ್ನಡಿ ಅಲೆಯನ್ನು ತಿರುಗಿಸಿಯೇ ಕಳಿಸುತ್ತವೆ. ಅಲೆಯ ಆವರ್ತನ ಹೆಚ್ಚಿದಷ್ಟೂ ಈ ನಷ್ಟ ಹೆಚ್ಚು. ಹಾಗಾಗಿ 5 ಗಿಗಾಹರ್ಟ್ಸ್ ವೇಗದ್ದು ಆದರೆ ಸುಕುಮಾರ, 2.4 ನಿಧಾನದ್ದು ಆದರೆ ಗಟ್ಟಿ ಆಳು.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಕತೆ ತಿರುಗುತ್ತದೆ. ಅಲ್ಲಿ 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲುಗಳು ಮೂರೇ: 1, 6 ಮತ್ತು 11. ಫೋನಿನಲ್ಲಿ ಹುಡುಕಿದರೆ ಅಕ್ಕಪಕ್ಕದವರ ಇಪ್ಪತ್ತು ಹೆಸರು ಕಾಣುತ್ತವೆ, ಆ ಇಪ್ಪತ್ತೂ ಮನೆಗಳು ಆ ಮೂರು ದಾರಿಯಲ್ಲೇ ಓಡಾಡಬೇಕು. ಜೊತೆಗೆ ಬ್ಲೂಟೂತ್, ಮೈಕ್ರೊವೇವ್ ಓವನ್ ಕೂಡ ಅಲ್ಲೇ. ಅಲ್ಲಿರುವವರಿಗೆ 5 ಗಿಗಾಹರ್ಟ್ಸ್ ಗೋಡೆ ದಾಟದಿರುವುದೇ ವರ. ಪಕ್ಕದ ಮನೆಯದು ನಮ್ಮ ಮನೆಗೆ ಬರುವುದಿಲ್ಲ.

ಅತ್ತೆಯ ಮನೆಗೆ ಅಕ್ಕಪಕ್ಕದ ಗಲಾಟೆ ಇಲ್ಲ. ಹಾಗಾದರೆ ಸಂಜೆ ಮಾತ್ರ ಕೆಡುವುದೇಕೆ? ಎರಡು ದಿನ ಫೋನಿನಲ್ಲೇ ವಿಚಾರಿಸಿದ ಮೇಲೆ ಗೊತ್ತಾಯಿತು. ಮಾವ ತೋಟದಿಂದ ಬಂದು ಹಿತ್ತಲ ಕಟ್ಟೆಯಲ್ಲಿ ಕೂತ ಕೂಡಲೇ ಅವರ ಫೋನು ವೈ-ಫೈಗೆ ಸೇರಿ ಆ ದಿನ ತೆಗೆದ ಫೋಟೋ, ವೀಡಿಯೋಗಳನ್ನೆಲ್ಲ ಕ್ಲೌಡಿಗೆ ಏರಿಸತೊಡಗುತ್ತದೆ.

ವೈ-ಫೈ ಎಂದರೆ ಒಂದೇ ಮೈಕ್ ಇರುವ ಸಭೆ ಎಂದುಕೊಳ್ಳಿ. ಹತ್ತಿರ ಕೂತವರು ಬೇಗಬೇಗ ಮಾತಾಡಿ ಮೈಕ್ ಬಿಟ್ಟುಕೊಡುತ್ತಾರೆ. ದೂರದಲ್ಲಿರುವವರ ದನಿ ಸ್ಪಷ್ಟವಿಲ್ಲ, ಹಾಗಾಗಿ ಅವರು ಒಂದೊಂದೇ ಅಕ್ಷರ ಬಿಡಿಸಿ ಹೇಳಬೇಕು. 60 ಮೆಗಾಬಿಟ್ ವೇಗದಲ್ಲಿ ಒಂದು ಸೆಕೆಂಡಿನಲ್ಲಿ ಹೋಗುವ ಫೋಟೋ 6ರ ವೇಗದಲ್ಲಿ ಹತ್ತು ಸೆಕೆಂಡು ಮೈಕ್ ಹಿಡಿದಿರುತ್ತದೆ. ಆ ಹೊತ್ತಿನಲ್ಲಿ ಅತ್ತೆಯ ಆಲಾಪನೆ ಸರದಿಯಲ್ಲಿ ಕಾಯುತ್ತಿರುತ್ತದೆ. ಸಿನಿಮಾ ನೋಡುವವರಿಗೆ ಇದು ತಿಳಿಯುವುದೇ ಇಲ್ಲ, ಏಕೆಂದರೆ ಮುಂದಿನ ಅರ್ಧ ನಿಮಿಷದ ಭಾಗ ಮೊದಲೇ ಬಂದು ಕೂತಿರುತ್ತದೆ. ವೀಡಿಯೋ ಕರೆಗೆ ಆ ಸೌಲಭ್ಯವಿಲ್ಲ. ಕರೆಗೆ ಬೇಕಾದ್ದು ಮೂರು ನಾಲ್ಕು ಮೆಗಾಬಿಟ್ ಮಾತ್ರ, ಆದರೆ ಅದು ತಡವಿಲ್ಲದೆ ಬೇಕು. ಸ್ಪೀಡ್ ಟೆಸ್ಟಿನ ದೊಡ್ಡ ಸಂಖ್ಯೆ ಈ ತಡವನ್ನು ತೋರಿಸುವುದಿಲ್ಲ. ಅದರ ಕೆಳಗೆ ಸಣ್ಣದಾಗಿರುವ 'ಪಿಂಗ್' ತೋರಿಸುತ್ತದೆ, ಅದನ್ನೂ ಯಾರಾದರೂ ಏನಾದರೂ ಅಪ್‌ಲೋಡ್ ಮಾಡುತ್ತಿರುವಾಗ ನೋಡಬೇಕು.

ರೌಟರಿನೊಳಗೂ ಇಂಥದ್ದೇ ಸರದಿ ಬೆಳೆಯುತ್ತದೆ. ಇದಕ್ಕೆ 'ಬಫರ್‌ಬ್ಲೋಟ್' ಎಂಬ ಹೆಸರೇ ಇದೆ. 2012ರಲ್ಲಿ ಕ್ಯಾಥ್ಲೀನ್ ನಿಕಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಈ ಸರದಿಯನ್ನು ಚಿಕ್ಕದಾಗಿಡುವ ಜಾಣ ವಿಧಾನವೊಂದನ್ನು ಪ್ರಕಟಿಸಿದರು. ಮುಕ್ತ ತಂತ್ರಾಂಶವಾದ ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಅದರ ಸುಧಾರಿತ ರೂಪ ಸಿಗುತ್ತದೆ. ಅಗ್ಗದ ರೌಟರುಗಳಲ್ಲಿ 'ಕ್ಯುಒಎಸ್' ಎಂಬ ಹೆಸರಿನಲ್ಲಿ ಇಂಥ ಸಾಧನಕ್ಕೆ ಆದ್ಯತೆ ಕೊಡಿ ಎಂದು ಹೇಳುವ ಅವಕಾಶವಾದರೂ ಇರುತ್ತದೆ. ನನ್ನ ಕಣ್ಣಿಗೆ ಇದು ಎರಡು ಹೆಚ್ಚುವರಿ ಆಂಟೆನಾಗಿಂತ ದೊಡ್ಡ ಅನುಕೂಲ.

ವೈ-ಫೈ 6, 7 ಬೇಕೇ?

ವೈ-ಫೈ 6ರ ನಿಜವಾದ ಲಾಭ ವೇಗಕ್ಕಿಂತ ಹಂಚಿಕೆಯಲ್ಲಿದೆ. ಒಂದೇ ಸರದಿಯಲ್ಲಿ ಹಲವು ಸಾಧನಗಳ ಸಣ್ಣ ಸಣ್ಣ ಪೊಟ್ಟಣಗಳನ್ನು ಒಟ್ಟಿಗೆ ಸಾಗಿಸಬಲ್ಲದು, ಒಂದೊಂದು ಪೊಟ್ಟಣಕ್ಕೆ ಒಂದೊಂದು ಆಟೋ ಕಳಿಸುವ ಬದಲು ಒಂದೇ ಬಸ್ಸಿನಲ್ಲಿ ತುಂಬಿದ ಹಾಗೆ. ಹದಿನೈದು ಇಪ್ಪತ್ತು ಸಾಧನಗಳಿರುವ ಮನೆಗೆ ಇದು ಉಪಯುಕ್ತ, ಆದರೆ ಸಾಧನಗಳೂ ವೈ-ಫೈ 6ರವಾಗಿರಬೇಕು. ಹಳೆಯ ಫೋನು ಹೊಸ ರೌಟರಿನ ಜೊತೆ ಹಳೆಯ ಭಾಷೆಯಲ್ಲೇ ಮಾತಾಡುತ್ತದೆ. ಹೊಸ ಫೋನುಗಳಿದ್ದು ಬೆಲೆಯ ಅಂತರ ಸಾವಿರದೊಳಗಿದ್ದರೆ ಎಎಕ್ಸ್1800 ಕಡೆ ವಾಲಬಹುದು. ಎಎಕ್ಸ್3000ದ ದೊಡ್ಡ ಸಂಖ್ಯೆ ಬರುವುದು 160 ಮೆಗಾಹರ್ಟ್ಸ್ ಅಗಲದ ಚಾನೆಲಿನಿಂದ. ಎಷ್ಟೋ ಫೋನುಗಳು 80ಕ್ಕೇ ನಿಲ್ಲುತ್ತವೆ.

ವೈ-ಫೈ 6ಇ ಮತ್ತು 7ರ ಮುಖ್ಯ ಆಕರ್ಷಣೆ 6 ಗಿಗಾಹರ್ಟ್ಸ್ ಪಟ್ಟಿ. ಅದರ ಕೆಳಭಾಗವನ್ನು ಪರವಾನಗಿಮುಕ್ತ ಮಾಡುವ ಕರಡು ನಿಯಮ ನಮ್ಮಲ್ಲಿ ಹೊರಬಿದ್ದದ್ದೇ 2025ರ ಮೇ ತಿಂಗಳಲ್ಲಿ. ಕೊಳ್ಳುವ ಮುನ್ನ ಇಲ್ಲಿ ಮಾರುವ ಮಾದರಿಯಲ್ಲಿ ಆ ಪಟ್ಟಿ ಇದೆಯೇ ಎಂದು ಕೇಳಿ. ಹೆಸರು ವೈ-ಫೈ 7 ಎಂದಿದ್ದೂ ಎರಡೇ ಪಟ್ಟಿಯ ರೌಟರುಗಳಿವೆ.

ಡಬ್ಬಿಯ ಮೇಲೆ ಕಾಣದ ಇನ್ನೊಂದು ವ್ಯತ್ಯಾಸ ಆಯುಷ್ಯದ್ದು. 2017ರ ಅಕ್ಟೋಬರಿನಲ್ಲಿ ಬೆಲ್ಜಿಯಂನ ಸಂಶೋಧಕ ಮಾಥಿ ವಾನ್‌ಹೂಫ್ ಆಗ ಎಲ್ಲೆಡೆ ಬಳಕೆಯಲ್ಲಿದ್ದ ಡಬ್ಲ್ಯುಪಿಎ2 ಸುರಕ್ಷಾ ವಿಧಾನದಲ್ಲೇ ದೋಷ ತೋರಿಸಿದರು. ಅದನ್ನು ಮುಚ್ಚಲು ಸಾಧನಗಳ ತಂತ್ರಾಂಶವನ್ನು ನವೀಕರಿಸಬೇಕಿತ್ತು. ತಯಾರಕರು ಕೈಬಿಟ್ಟ ಮಾದರಿಗಳಿಗೆ ಅಂಥ ಭಾಗ್ಯವಿಲ್ಲ. ಕೊಳ್ಳುವ ಮುನ್ನ ಕಂಪನಿಯ ಜಾಲತಾಣದಲ್ಲಿ ಆ ಮಾದರಿಯ ಕೊನೆಯ ನವೀಕರಣದ ದಿನಾಂಕ ನೋಡಿ. ಮೂರು ವರ್ಷ ಹಿಂದಿನದಾದರೆ ಎಷ್ಟೇ ಅಗ್ಗವಾದರೂ ಬಿಡಿ. ಡಬ್ಲ್ಯುಪಿಎ3 ಇದ್ದರೆ ಒಳ್ಳೆಯದು. ಪೆಟ್ಟಿಗೆಯ ಜೊತೆ ಬಂದ ಪಾಸ್‌ವರ್ಡ್ ಬದಲಿಸುವುದನ್ನಂತೂ ಮರೆಯಬೇಡಿ, 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ರೌಟರುಗಳನ್ನು ವಶಪಡಿಸಿಕೊಂಡದ್ದು ಬರೇ ಅಂಥ ಪಾಸ್‌ವರ್ಡುಗಳಿಂದಲೇ.

"ಮಲಗುವ ಕೋಣೆ ಹತ್ತಿರ ಇಟ್ಟರೆ ಕ್ಯಾನ್ಸರ್ ಬರಲ್ವಾ?" ಎಂದು ಮಾವ ಕೇಳಿದ್ದರು. ರೌಟರ್ ಸೂಸುವ ಶಕ್ತಿ ಸಾಮಾನ್ಯವಾಗಿ ಒಂದು ವಾಟಿನ ಹತ್ತನೇ ಒಂದು ಭಾಗದ ಆಸುಪಾಸು, ಅದೂ ಎಲ್ಲ ದಿಕ್ಕಿಗೆ ಹಂಚಿ. ಈ ಅಲೆಗಳಿಗೆ ಅಣುಗಳನ್ನು ಮುರಿಯುವ ಕಸುವಿಲ್ಲ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ರೇಡಿಯೋ ಅಲೆಗಳನ್ನು '2ಬಿ' ಗುಂಪಿಗೆ ಸೇರಿಸಿದ್ದು ನಿಜ, ವಾಟ್ಸಾಪಿನಲ್ಲಿ ಓಡಾಡುವುದು ಅದೇ. 2ಬಿ ಎಂದರೆ ಸಾಕ್ಷ್ಯ ಸೀಮಿತ, ಸಾಧ್ಯತೆಯನ್ನು ಪೂರ್ತಿ ತಳ್ಳಿಹಾಕಿಲ್ಲ ಎಂದಷ್ಟೇ ಅರ್ಥ. ಏಷ್ಯಾದ ಸಾಂಪ್ರದಾಯಿಕ ತರಕಾರಿ ಉಪ್ಪಿನಕಾಯಿಯೂ ಅದೇ ಗುಂಪಿನಲ್ಲಿದೆ ಎಂದ ಮೇಲೆ ಮಾವ ಸುಮ್ಮನಾದರು.

ಕೊನೆಗೆ ಏನು ಕೊಂಡೆವು?

ಆರು ಆಂಟೆನಾದ್ದನ್ನು ಬಿಟ್ಟೆವು. ಎಸಿ1200 ಪೈಕಿ ಗಿಗಾಬಿಟ್ ಪೋರ್ಟಿನದ್ದನ್ನೇ ತಂದೆವು, ಜೊತೆಗೆ ಹದಿನೈದು ಮೀಟರ್ ಕ್ಯಾಟ್6 ಕೇಬಲ್. ಜಗಲಿಯ ಡಬ್ಬಿಯಿಂದ ಅಟ್ಟದ ಮೂಲಕ ಕೇಬಲ್ ಎಳೆದು ರೌಟರನ್ನು ನಡುಮನೆಯ ಗೋಡೆಯ ಎತ್ತರದಲ್ಲಿ, ಒಳಕೋಣೆಯ ಬಾಗಿಲಿಗೆ ನೇರವಾಗಿ ಕೂರಿಸಿದೆವು. ಸಿಗ್ನಲ್ ಹಿಗ್ಗಿಸುವ ಎಕ್ಸ್‌ಟೆಂಡರ್ ಸಾಕಲ್ಲವೇ ಎಂದು ಕೇಳಿದವರುಂಟು. ಸಾಧಾರಣ ಎಕ್ಸ್‌ಟೆಂಡರ್ ಕೇಳಿದ್ದನ್ನೇ ಅದೇ ಚಾನೆಲಿನಲ್ಲಿ ಇನ್ನೊಮ್ಮೆ ಹೇಳುತ್ತದೆ. ಒಂದೇ ಮೈಕಿನ ಸಭೆಯಲ್ಲಿ ಪ್ರತಿ ಮಾತೂ ಎರಡೆರಡು ಸಲ, ಹಾಗಾಗಿ ವೇಗ ಅರ್ಧ. ಕೇಬಲ್ ಎಳೆಯಲು ಸಾಧ್ಯವಿರುವಲ್ಲಿ ಅದಕ್ಕಿಂತ ಅಗ್ಗದ, ಒಳ್ಳೆಯ ಉಪಾಯವಿಲ್ಲ. ಹೊಸ ರೌಟರನ್ನು 'ಆಕ್ಸೆಸ್ ಪಾಯಿಂಟ್' ಎಂಬ ಆಯ್ಕೆಯಲ್ಲಿಟ್ಟೆವು. ಇಲ್ಲದಿದ್ದರೆ ಹಳೆಯ ಡಬ್ಬಿಯೂ ಹೊಸದೂ ಇಬ್ಬರೂ ಯಜಮಾನಿಕೆ ಮಾಡಲು ಹೋಗಿ ಕೆಲವು ಆ್ಯಪುಗಳು ತಕರಾರು ಮಾಡುತ್ತವೆ. ಹಳೆಯ ಡಬ್ಬಿಯ ವೈ-ಫೈ ಆರಿಸಿದೆವು.

ಪಾಠದ ಟ್ಯಾಬ್ 5 ಗಿಗಾಹರ್ಟ್ಸ್‌ಗೆ, ಮಾವನ ಫೋನು 2.4ಕ್ಕೆ. ಎರಡು ಪಟ್ಟಿ ಎಂದರೆ ಎರಡು ಮೈಕ್. ಫೋಟೋ ಏರಿಸುವ ಕೆಲಸವನ್ನು ಪಾಠದ ಹೊತ್ತಿಗೆ ನಿಲ್ಲಿಸಿ, ಆಮೇಲೆ ಶುರು ಮಾಡಲು ಮಾವನಿಗೆ ಹೇಳಿಕೊಟ್ಟೆವು. ಮೊದಲ ವಾರ ಮರೆತರು, ಆದರೂ ಪಾಠ ಕೆಡಲಿಲ್ಲ.

ಉಳಿದದ್ದು ಕರೆಂಟಿನ ಸಮಸ್ಯೆ. ಸಾಗರದ ಮಳೆಗಾಲದಲ್ಲಿ ಅದಿಲ್ಲದೆ ಮಾತು ಮುಗಿಯುವುದಿಲ್ಲ. ರೌಟರಿಗೆಂದೇ ಸಿಗುವ ಪುಟ್ಟ ಯುಪಿಎಸ್ ತರಲು ಹೋದಾಗ ಇನ್ನೊಂದು ಸಂಗತಿ ತಿಳಿಯಿತು. ಕೆಲವು ರೌಟರುಗಳ ಅಡಾಪ್ಟರ್ 12 ವೋಲ್ಟಿನದು, ಕೆಲವದು 9, ಅಂಗಡಿಯಲ್ಲಿ ಸುಲಭವಾಗಿ ಸಿಗುವ ಯುಪಿಎಸ್ 12ರದ್ದು. ಅದೃಷ್ಟಕ್ಕೆ ನಮ್ಮದು 12. ಜಗಲಿಯ ಫೈಬರ್ ಡಬ್ಬಿಗೂ ಬ್ಯಾಟರಿ ಬೇಕೆಂಬುದು ಹೊಳೆದದ್ದು ಮೊದಲ ಸಲ ಕರೆಂಟ್ ಹೋದಾಗ: ವೈ-ಫೈ ಹೆಸರು ಕಾಣುತ್ತಿತ್ತು, ಇಂಟರ್ನೆಟ್ ಇರಲಿಲ್ಲ. ಮರುದಿನ ಇನ್ನೊಂದು ಯುಪಿಎಸ್ ತಂದರು. ಬಿಟ್ಟುಹೋದ ಇಬ್ಬರು ಮಕ್ಕಳಲ್ಲಿ ಒಬ್ಬಳು ಮತ್ತೆ ಪಾಠಕ್ಕೆ ಬರುತ್ತಿದ್ದಾಳೆ.